ಎಡಗೈ ಎಂಟು ದಿನ ಕಾಯಲಿ

ನಾನೊಂದು ಗಾಲಿಕುರ್ಚಿ. ಹುಬ್ಬಳ್ಳಿಯ ಶೆಡ್ಡೊಂದರಲ್ಲಿ ಕೊಳವೆ ಬಗ್ಗಿಸಿ, ಬೆಸುಗೆ ಹಾಕಿ, ನೀಲಿ ರೆಕ್ಸಿನ್ ಹೊದಿಸಿ ನನ್ನನ್ನು ಮಾಡಿದರು. ಗಾಲಿ ಮೊದಲ ಸಲ ತಿರುಗಿದಾಗ, ಪಲ್ಲಕ್ಕಿಯಾಗಿಯೇ ಹುಟ್ಟಿದ್ದೇನೆ ಎಂದುಕೊಂಡಿದ್ದೆ.

ಒಂದು ಖಾಸಗಿ ಆಸ್ಪತ್ರೆ ನನ್ನನ್ನು ಕೊಂಡಿತು. ನನ್ನನ್ನು ತಳ್ಳುವವಳು ಆಯಾ ಮೆಹಬೂಬಿ. ಬಂದವರೆಲ್ಲ ನನ್ನ ತೋಳು ಹಿಡಿದೇ ಕೂರುತ್ತಿದ್ದರು. ಗುರುಸಿದ್ದವ್ವನಿಗೆ ಮಾತ್ರ ಹಿಡಿಯಲಾಗಲಿಲ್ಲ. ಖಾನಾವಳಿಗೆ ದಿನಾ ಇನ್ನೂರು ಜೋಳದ ರೊಟ್ಟಿ ಬಡಿಯುವ ಹೆಂಗಸು. ಒಂದು ಕೈ ಬಡಿಯಬೇಕು, ಇನ್ನೊಂದು ತಿರುಗಿಸಬೇಕು. ಅವಳ ಬದುಕು ನಿಂತದ್ದು ಅದರ ಮೇಲೆ. ಮೆಟ್ಟಿಲಿಂದ ಬಿದ್ದು ಎರಡೂ ಮಣಿಕಟ್ಟು ಮುರಿದುಕೊಂಡಿದ್ದಳು. ಮಡಿಲಲ್ಲಿ ಸರ್ಕಾರದ ಆರೋಗ್ಯ ಕಾರ್ಡು.

“ಇದು ಐತಿ ಅಂದ್ರ ಚಿಂತಿ ಇಲ್ಲಲ್ರೀ ಸರ?” ಎಂದು, ಮೇಜಿನ ಹಿಂದೆ ಕೂತು ಆ ಕಾರ್ಡಿನ ಯೋಜನೆಯ ಕಾಗದಪತ್ರ ನೋಡುವ ಆಸ್ಪತ್ರೆಯ ವಿರೂಪಾಕ್ಷಿಯನ್ನು ಕೇಳಿದಳು.

“ಏನೂ ಇಲ್ಲವ್ವಾ. ಇವತ್ತ ಬಲಗೈ. ಎಡಗೈಗೆ ಎಂಟ ದಿನಾ ಬಿಟ್ಟ ಬರ್ರಿ.”

ಮೆಹಬೂಬಿ ತಳ್ಳುವುದನ್ನೇ ನಿಲ್ಲಿಸಿದಳು. “ಯಾಕ್ರೀ? ಅಕಿ ಬಿದ್ದದ್ದು ಒಂದ ಸಲ!”

“ಒಂದೊಂದ ಆಪರೇಶನ್ನಿಗೆ ಇಷ್ಟ ರೊಕ್ಕಾ ಅಂತ ಸರ್ಕಾರ ನಿಗದಿ ಮಾಡೈತಿ. ಒಮ್ಮೆಲೆ ಎರಡ ಮಾಡಿದ್ರ ಎರಡನೇದಕ್ಕ ಅರ್ಧಾ ಅಷ್ಟ. ಬ್ಯಾರೆ ಬ್ಯಾರೆ ಮಾಡಿದ್ರ ಎರಡಕ್ಕೂ ಪೂರ್ತಿ.”

“ಹಂಗಾದ್ರ ಆ ಎಡಗೈಗೂ ಹೇಳ್ರಿ, ಅರ್ಧಾನ ನೋಯಬೇಕು ಅಂತ!”

ನನ್ನ ಮೇಲೆ ಕೂತ ಅಜ್ಜಿಯರು ಮೊಮ್ಮಕ್ಕಳಿಗೆ ಕಥೆ ಹೇಳುವುದನ್ನು ಕೇಳಿದ್ದೇನೆ. ಆ ಕಥೆಗಳ ರಾಜರು ಮೆಚ್ಚಿದರೆ ಅರ್ಧ ರಾಜ್ಯವನ್ನೇ ಕೊಟ್ಟುಬಿಡುತ್ತಾರೆ. ಈ ಆಸ್ಪತ್ರೆಗೋ, ಕಣ್ಣೆದುರು ನರಳುವ ಕೈಯೊಂದಕ್ಕೆ ಅರ್ಧ ದರ ಸಾಲಲಿಲ್ಲ! ತಳ್ಳುವವರಿಲ್ಲದೆ ಚಲಿಸುವ ಶಕ್ತಿ ನನಗಿದ್ದಿದ್ದರೆ ಅಂದೇ ಆ ಮೇಜನ್ನು ಗುದ್ದಿ ಕೆಡವುತ್ತಿದ್ದೆ.

ಬಲಗೈಗೆ ಅಂದೇ ಆಪರೇಶನ್ ಆಯಿತು. ಎಂಟು ದಿನದ ಮೇಲೆ ಗುರುಸಿದ್ದವ್ವ ಎಡಗೈಯನ್ನು ಬಟ್ಟೆಯಲ್ಲಿ ತೂಗುಹಾಕಿಕೊಂಡು ಬಂದಳು. ಅದರ ಮಂಜೂರಾತಿಗೆ ಎರಡನೆಯ ಅರ್ಜಿ ಹೋಯಿತು. ಎರಡೂ ಒಂದೇ ದಿನದ ಗಾಯವಾದರೆ ಅಂದೇ ಏಕೆ ಮಾಡಲಿಲ್ಲ ಎಂದು ಸರ್ಕಾರದ ಕಚೇರಿಯಿಂದ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರ ಕೊಡಬೇಕಾದವನು ಮೇಜಿನ ಹಿಂದೆ, ನೋಯಬೇಕಾದವಳು ನನ್ನ ಮೇಲೆ. ಕಾಗದ ಏಳು ವಾರ ಹೋಗಿ ಬಂದು ಮಾಡಿತು. ಮೂಳೆಗೆ ಮಂಜೂರಾತಿಯ ಗೊಡವೆ ಏನು? ಅದು ತನ್ನ ಪಾಡಿಗೆ ತಾನು ಸೊಟ್ಟಗೆ ಕೂಡಿಕೊಂಡಿತು. ಬೆರಳು ಮಡಚದಾದವು.

ಆಗ ವಿರೂಪಾಕ್ಷಿ ನಗುತ್ತಲೇ ಬಂದ. “ದಾರಿ ಐತವ್ವಾ. ಕೂಡಿದ್ದನ್ನ ಮತ್ತ ಮುರದು ಸರಿ ಮಾಡ್ತಾರ. ಅದು ಬ್ಯಾರೇನ ಪ್ಯಾಕೇಜು. ಪೂರ್ತಿ ರೊಕ್ಕಾ ಬರ್ತೈತಿ.”

ಗುರುಸಿದ್ದವ್ವ ಸೊಟ್ಟಗಾದ ಎಡಗೈಯನ್ನು ಅವನ ಮುಂದೆ ಚಾಚಿದಳು.

“ಮೆಟ್ಟಲಾ ಪುಕ್ಕಟ ಮುರೀತೋ ತಮ್ಮಾ. ನಿಮಗ ಮುರಿಯಾಕ ರೊಕ್ಕಾ ಬೇಕೇನು?”

ನನ್ನಿಂದ ಎದ್ದು ಹೋದವಳು ಮತ್ತೆ ಬರಲಿಲ್ಲ. ಖಾನಾವಳಿಯವರು ಬೇರೆಯವಳನ್ನು ಇಟ್ಟುಕೊಂಡರಂತೆ. ಮೆಹಬೂಬಿ ಇದನ್ನು ಹೇಳಿಕೊಂಡು ನನ್ನ ಸೀಟನ್ನು ಒರೆಸಿದ್ದೇ ಒರೆಸಿದ್ದು.

ಈಗ ನನ್ನ ಮುಂಗಾಲಿಗಳು ಕಳಚಿವೆ. ಜನರೇಟರ್ ಕೋಣೆಯ ಹಿಂದೆ, ಹರಿದ ಹಾಸಿಗೆಗಳ ಜೊತೆ ಬಿದ್ದಿದ್ದೇನೆ. ಇಲ್ಲಿ ಯಾರೂ ಕೂರಲು ಬರುವುದಿಲ್ಲ. ಯೋಚಿಸಲು ಬೇಕಾದಷ್ಟು ಹೊತ್ತಿದೆ. ಎರಡನೆಯ ಕೈಗೆ ಅರ್ಧ ಎಂದು ಬರೆದವರು ಒಬ್ಬರು. ಅದನ್ನು ಓದಿ, ಲೆಕ್ಕ ಹಾಕಿ, ಆ ಕೈಯನ್ನು ಮನೆಗೆ ಕಳಿಸಿದವರು ಇನ್ನೊಬ್ಬರು. ಇಬ್ಬರನ್ನೂ ಒಂದು ದಿನ ಒಲೆಯ ಮುಂದೆ ಕೂರಿಸಬೇಕು. ಎಡಗೈ ಕಟ್ಟಿಹಾಕಿ, ಹಿಟ್ಟು ಮುಂದಿಟ್ಟು, ಬಡೀರಿ ನೋಡೋಣ ಅನ್ನಬೇಕು.