ಡಬ್ಬಿಯಲ್ಲಿ ಹೆಚ್ಚಾಗಿ ಉಳಿದ ಆರು ಮಾತ್ರೆ

ಮೂರನೇ ಕ್ಲಾಸಿನ ಮಕ್ಕಳಿರುವ ಮನೆಯಲ್ಲಿ ಸಂಜೆಯಾದರೆ ಏನಾದರೊಂದು ರಾದ್ಧಾಂತ ಇದ್ದೇ ಇರುತ್ತದೆ. ಹುಣಸೂರು ಕಡೆಯ ಕಟ್ಟೆಮಳಲವಾಡಿಯ ಶಾಂತಲಾಳ ಮನೆಯಲ್ಲಿ ಅದು ಕಳೆಯುವ ಲೆಕ್ಕದ ರಾದ್ಧಾಂತ. ಮಗಳು ಸಂಘಮಿತ್ರ ಶಾಲೆಯಿಂದ ಒಂದು ಥರ ಕಲಿತು ಬರುತ್ತಾಳೆ, ಅವ್ವ ಅದನ್ನು ಇನ್ನೊಂದು ಥರ ತಿದ್ದುತ್ತಾಳೆ. ಮಾರನೇ ದಿನ ಟೀಚರು ಅವ್ವ ತಿದ್ದಿದ್ದಕ್ಕೆಲ್ಲ ಕೆಂಪು ಇಂಟು ಹಾಕಿ ಕಳಿಸುತ್ತಾರೆ.

"ಈ ಟೀಚರಿಗೇ ಲೆಕ್ಕ ಬರಲ್ಲ ಅಂತ ಕಾಣ್ತದೆ," ಎಂದು ಶಾಂತಲಾ ಗೊಣಗುತ್ತಿದ್ದಳು. "ನಾನೂ ಏಳ್ನೇ ಕ್ಲಾಸ್ ಗಂಟ ಓದಿವ್ನಿ ಕಣಮ್ಮಿ. ಮೇಲಿಂದು ಸಣ್ಣದಿದ್ರೆ ಕೆಳಗಿಂದ್ರಲ್ಲಿ ಅದ್ನ ಕಳ್ದುಬುಡು, ಮುಗೀತು. ಪಕ್ಕದ್ ಮನೆಯಿಂದ ಹತ್ತು ಈಸ್ಕೊಳಾದು ಅಂತೆಲ್ಲ ಯಾಕೆ?"

ಆ ಸಂಜೆಯೂ ಇದೇ ಜಗಳ ನಡೆದಿತ್ತು. ಅಷ್ಟರಲ್ಲಿ ಊರಿನ ಆಶಾ ಕಾರ್ಯಕರ್ತೆ ಸುಧಾ ಬಂದಳು. ಶಾಂತಲಾಳ ಅತ್ತೆ ಚಿಕ್ಕಸಿದ್ದಮ್ಮನಿಗೆ ಬಿಪಿ. ಅವರ ಮಾತ್ರೆ ವಿಚಾರಿಸಲು ಬಂದಿದ್ದಳು.

"ಶಾಂತಲಾ, ನಾನು ಐದು ಶೀಟು ಕೊಟ್ಟಿದ್ದೆ. ಶೀಟಿಗೆ ಹತ್ತು, ಒಟ್ಟು ಐವತ್ತು ಮಾತ್ರೆ. ದಿನಕ್ಕೊಂದು. ಇವತ್ತಿಗೆ ಇಪ್ಪತ್ಮೂರು ದಿನ ಆಯ್ತು. ಎಷ್ಟು ಉಳಿದವೆ ನೋಡು."

ಶಾಂತಲಾ ಗೂಡಿನಲ್ಲಿದ್ದ ಡಬ್ಬಿ ತಂದು ಎಣಿಸಿದಳು. ಮೂರು ತುಂಬಿದ ಶೀಟು, ಇನ್ನೊಂದರಲ್ಲಿ ಮೂರು ಮಾತ್ರೆ. ಆಮೇಲೆ ಮಗಳ ಪುಸ್ತಕದ ಹಿಂದೆ ಐವತ್ತು ಬರೆದು, ಕೆಳಗೆ ಇಪ್ಪತ್ಮೂರು ಬರೆದಳು.

"ಸೊನ್ನೇಲಿ ಮೂರು ಓಗಲ್ಲ. ಮೂರ್ರಲ್ಲಿ ಸೊನ್ನೆ ಓದ್ರೆ ಮೂರು. ಐದ್ರಲ್ಲಿ ಎರಡು ಓದ್ರೆ ಮೂರು. ಮೂವತ್ಮೂರು! ಡಬ್ಬೀಲಿರಾದೂ ಮೂವತ್ಮೂರೇ! ಸರಿಗೈತೆ ಸುಧಕ್ಕ, ಅತ್ತೆ ಒಂದ್ ದಿಸಾನೂ ತಪ್ಸಿಲ್ಲ."

ಜಗಲಿಯ ಮೇಲೆ ಕೂತಿದ್ದ ಚಿಕ್ಕಸಿದ್ದಮ್ಮ "ಊ ಕಣವ್ವ" ಎಂದು ಎಲೆಗೆ ಸುಣ್ಣ ಸವರುತ್ತ ಮುಖ ಆಚೆ ತಿರುಗಿಸಿದರು. ಸುಧಾಗೆ ಇನ್ನೂ ನಾಲ್ಕು ಮನೆ ಬಾಕಿ. ಬರೆದುಕೊಳ್ಳಲು ಪೆನ್ನು ತೆಗೆದಳು.

"ತಪ್ಪು ಕಣವ್ವ! ಇಪ್ಪತ್ತೇಳು ಉಳೀಬೇಕು!"

ಸಂಘಮಿತ್ರಳ ಮಾತು ಕೇಳಿ ಶಾಂತಲಾಳಿಗೆ ಮೈಯೆಲ್ಲ ಉರಿಯಿತು. ಬಂದವರ ಎದುರಿಗೆ ಮಾನ ಕಳೆಯುತ್ತಾಳಲ್ಲ! "ಬಾಯ್ ಮುಚ್ಚಮ್ಮಿ, ದೊಡ್ಡೋರು ಮಾತಾಡೋವಾಗ!" ಎಂದು ಕೈಯನ್ನೇ ಎತ್ತಿದಳು.

ಸುಧಾ ಆ ಕೈ ಹಿಡಿದಳು. "ಬುಡು, ಮಗ ಏನೋ ಹೇಳ್ತೈತೆ. ತೋರ್ಸು ಪುಟ್ಟಿ."

ಹುಡುಗಿ ಬ್ಯಾಗಿನಿಂದ ಪೊರಕೆಕಡ್ಡಿಯ ಐದು ಕಟ್ಟು ತೆಗೆದು ಸಾಲಾಗಿ ಇಟ್ಟಳು. "ಒಂದೊಂದ್ರಲ್ಲೂ ಹತ್ತು ಕಡ್ಡಿ. ಒಟ್ಟು ಐವತ್ತು. ಮೊದ್ಲು ಮೂರು ಕಡ್ಡಿ ತೆಗೀಬೇಕು, ಆದ್ರೆ ಬಿಡಿ ಕಡ್ಡಿ ಒಂದೂ ಇಲ್ಲ. ಅದ್ಕೆ ಒಂದು ಕಟ್ಟು ಬಿಚ್ತೀನಿ. ಹತ್ತರಲ್ಲಿ ಮೂರು ಓದ್ರೆ ಏಳು. ಈಗ ನಾಕೇ ಕಟ್ಟು ಅವೆ. ಅದ್ರಲ್ಲಿ ಎರಡು ತೆಗುದ್ರೆ ಎರಡು. ಎರಡು ಕಟ್ಟು, ಏಳು ಕಡ್ಡಿ. ಇಪ್ಪತ್ತೇಳು!"

ಶಾಂತಲಾ ತಾನೇ ಎಣಿಸಿದಳು. ಇಪ್ಪತ್ತೇಳು. ಮತ್ತೊಮ್ಮೆ ಎಣಿಸಿದಳು. ಆಗಲೂ ಇಪ್ಪತ್ತೇಳು. ಆದರೂ ಹಟ ಬಿಡಬೇಕಲ್ಲ! "ಅಂಗಾದ್ರೆ ಡಬ್ಬೀಲಿ ಮೂವತ್ಮೂರು ಎಂಗ್ ಬಂತು? ನನ್ ಲೆಕ್ಕಾನೇ ಸರಿ."

"ಸರಿನೋ ತಪ್ಪೋ ಕೂಡಿ ನೋಡು," ಎಂದಳು ಸುಧಾ. "ನಿನ್ನ ಲೆಕ್ಕದಲ್ಲಿ ಉಳ್ದಿದ್ದು ಮೂವತ್ಮೂರು, ನುಂಗಿದ್ದು ಇಪ್ಪತ್ಮೂರು. ಸೇರಿದ್ರೆ?"

"ಐವತ್ತಾರು."

"ನಾನು ಕೊಟ್ಟಿದ್ದೇ ಐವತ್ತು ಕಣೆ! ಇನ್ನಾರು ಎಲ್ಲಿಂದ ಬಂದ್ವು?"

ಶಾಂತಲಾಳಿಗೆ ಆಗ ಹೊಳೆಯಿತು. ಮಾತ್ರೆ ಎಲ್ಲಿಂದಲೂ ಬಂದಿರಲಿಲ್ಲ. ಆರು ದಿನದ ಮಾತ್ರೆ ಹೊಟ್ಟೆಗೇ ಹೋಗಿರಲಿಲ್ಲ! ಮೂವರೂ ಜಗಲಿಯ ಕಡೆ ತಿರುಗಿದರು.

"ತಲೆ ಸುತ್ತಾದು ನಿಂತೋಗಿತ್ತು ಕಣ್ರವ್ವ," ಎಂದರು ಚಿಕ್ಕಸಿದ್ದಮ್ಮ, ಮೆಲ್ಲಗೆ. "ಚೆನ್ನಾಗೇ ಇವ್ನಿ, ಸುಮ್ನೆ ಯಾಕ್ ನುಂಗಾದು ಅಂತ ಆರ್ ದಿಸದಿಂದ ಬುಟ್ಬುಟ್ಟೆ."

"ಅಯ್ಯೋ ಅತ್ತೆ! ಏನ್ ಕೆಲ್ಸ ಮಾಡ್ಬುಟ್ರಿ!"

ಸುಧಾ ಬ್ಯಾಗಿನಿಂದ ಮಷೀನು ತೆಗೆದು, ಅವರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಇನ್ನೊಂದು ಸಲ ನೋಡಿದಳು. ನೂರ ತೊಂಬತ್ತರ ಮೇಲಿತ್ತು. ಮುಂದಿನದೆಲ್ಲ ಓಡಾಟವೇ. ಪಕ್ಕದ ಮನೆಯ ನಿಂಗರಾಜು ಆಟೋ ತಂದ, ಶಾಂತಲಾ ಅತ್ತೆಯನ್ನು ಕೂರಿಸಿಕೊಂಡು ಬರಿಗಾಲಿನಲ್ಲೇ ಹತ್ತಿದಳು.

"ಲಕ್ವ ಹೊಡೆಯೋ ಅಷ್ಟು ಏರಿತ್ತಮ್ಮ," ಎಂದರು ಆಸ್ಪತ್ರೆಯ ಡಾಕ್ಟರು. "ಚೆನ್ನಾಗಿದ್ದಾರೆ ಅಂತ ಮಾತ್ರೆ ಬಿಡೋದಲ್ಲ. ಮಾತ್ರೆ ತಗೊಂಡಿದ್ದಕ್ಕೇ ಚೆನ್ನಾಗಿದ್ರು. ಸದ್ಯ, ಇವತ್ತು ಕರ್ಕೊಂಡು ಬಂದ್ರಿ."

ಮೂರನೇ ದಿನ ಚಿಕ್ಕಸಿದ್ದಮ್ಮ ತಮ್ಮ ಕಾಲ ಮೇಲೆ ನಡೆದುಕೊಂಡೇ ಮನೆಗೆ ಬಂದರು. ಶಾಂತಲಾಳಿಗೆ ಮಾತ್ರ ಆ ದಿಗಿಲು ಇಳಿಯಲಿಲ್ಲ. 'ಸರಿಗೈತೆ' ಅಂದಿದ್ದು ತನ್ನ ಬಾಯಿ. ಇಷ್ಟು ವರ್ಷ ಇದೇ ತಪ್ಪನ್ನು ಸರಿ ಅಂದುಕೊಂಡು ಬಂದೆನಲ್ಲ, ಟೀಚರು ಇಂಟು ಹಾಕಿದರೂ ನಂಬಲಿಲ್ಲವಲ್ಲ! ಬಾಯಿಬಿಟ್ಟು ಹೇಳಿದ ಮಗಳ ಮೇಲೂ ಕೈ ಎತ್ತಿದೆನಲ್ಲ!

ಅವಳು ಹೋಗಿ ಮಗಳ ಪಕ್ಕ ಚಾಪೆಯ ಮೇಲೆ ಕೂತಳು. "ಆ ಕಟ್ಟು ಬಿಚ್ಚಾದು ನಂಗೂ ಕಲಿಸಮ್ಮಿ."

"ಅಬ್ಬಬ್ಬ, ಅವ್ವ ಮಗಳು ಸೇರಿ ನನ್ ಕಳ್ತನ ಇಡ್ಯಾಕೆ ಕಲೀತಾವ್ರೆ!" ಎಂದು ಚಿಕ್ಕಸಿದ್ದಮ್ಮ ನಕ್ಕು, ಅವತ್ತಿನ ಮಾತ್ರೆ ಎಲ್ಲರೂ ನೋಡುವ ಹಾಗೆ ನುಂಗಿದರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಸೀಮೆಯ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಳೆಯುವ ಲೆಕ್ಕ ಪರೀಕ್ಷೆಗೆ ಮಾತ್ರ ಅಂದುಕೊಳ್ಳಬೇಡಿ. ಹತ್ತತ್ತು ಕಡ್ಡಿ ಕಟ್ಟಿ ಮಕ್ಕಳ ಜೊತೆ ಕೂರಿ. ಮೇಲಿನ ಅಂಕಿ ಸಾಲದೆ ಹೋದರೆ ಒಂದು ಕಟ್ಟು ಬಿಚ್ಚಿ, ಅಂಕಿಯನ್ನು ತಿರುವಿ ಹಾಕಿ ಕೆಳಗಿನದರಲ್ಲಿ ಮೇಲಿನದನ್ನು ಕಳೆಯಬೇಡಿ. ಬಂದ ಉತ್ತರಕ್ಕೆ ಕಳೆದದ್ದನ್ನು ಕೂಡಿ ನೋಡದೆ ಏಳಬೇಡಿ. ಡಾಕ್ಟರನ್ನು ಕೇಳದೆ ಬಿಪಿ ಮಾತ್ರೆ ಬಿಡಲೇಬೇಡಿ.

ಇನ್ನೊಂದು ಮಾತು. ನಿಮ್ಮ ಮಗು "ತಪ್ಪು ಕಣವ್ವ" ಅಂದರೆ ಸಿಟ್ಟು ಬರುತ್ತದೆ, ಬರಲಿ. ಕೈ ಎತ್ತುವ ಮೊದಲು ಕೇಳಿಸಿಕೊಳ್ಳಿ. ಆ ಸಂಜೆ ಸಂಘಮಿತ್ರ ಹೆದರಿ ಬಾಯಿ ಮುಚ್ಚಿದ್ದಿದ್ದರೆ, ಅವಳ ಅಜ್ಜಿ ಏಳನೆಯ ದಿನವೂ ಮಾತ್ರೆ ನುಂಗುತ್ತಿರಲಿಲ್ಲ.