ಬರಿಗೈಯ ಗುರುತು

ಕೆರೆದ ಉಕ್ಕಿಗೆ ಬರಿಗೈ ತಾಗಿಸಿದರೆ ನಮ್ಮನೆಯವರಿಗೆ ಮೈಯೆಲ್ಲ ಉರಿಯುತ್ತಿತ್ತು. ನಾವಿಬ್ಬರೂ ಬಂದರಿನ ಕಾಲುಸೇತುವೆಗೆ ಬಣ್ಣ ಹೊಡೆಯುವವರು. ಅವರು ತುಕ್ಕು ಕೆರೆಯುತ್ತ ಮುಂದೆ ಹೋದರೆ, ನಾನು ಹಿಂದಿನಿಂದ ತುಕ್ಕು ತಡೆಯುವ ಮೊದಲ ಬಣ್ಣ, ಪ್ರೈಮರ್, ಹಚ್ಚುತ್ತ ಬರಬೇಕು. ಕೈಗವಸಿಲ್ಲದೆ ಎಲ್ಲಾದರೂ ಮುಟ್ಟಿದೆನೋ, ಮುಗಿಯಿತು ನನ್ನ ಕಥೆ.

"ಎಷ್ಟು ಸಲ ಬಡ್ಕೊಳ್ಲಿ ನಿಂಗೆ? ಕೈಬೆವರಲ್ಲಿ ಉಪ್ಪಿರುತ್ತೆ ಕಣೇ! ಮೇಲೆ ಎಷ್ಟು ಬಣ್ಣ ಬಳಿದ್ರೂ ಒಳಗೊಳಗೇ ತಿಂತಾ ಇರುತ್ತೆ."

"ಗಾಳಿ ತುಂಬ ಸಮುದ್ರದ ಉಪ್ಪೇ ಇದೆ. ನನ್ನ ಬೆವರೊಂದು ಹೆಚ್ಚಾಯ್ತಾ?"

"ಅದನ್ನ ಸಿಹಿನೀರಲ್ಲಿ ತೊಳೆದೇ ತಾನೆ ಕೆರೆಯೋದು? ಆಮೇಲೆ ನೀನು ಒತ್ತೋ ಕೈನ ಯಾರು ತೊಳೀತಾರೆ?"

ಬಾಯಲ್ಲಿ ಅವರನ್ನು ಗೆದ್ದವರಿಲ್ಲ. ಇಬ್ಬನಿ ಆರುವವರೆಗೆ ಕುಂಚ ಮುಟ್ಟುವಂತಿಲ್ಲ, ಕೆರೆದದ್ದನ್ನು ಅಂದೇ ಮುಚ್ಚಬೇಕು, ನೀರು ನಿಲ್ಲುವ ಸಂದಿಗೆ ಇನ್ನೊಂದು ಸಲ ಬಣ್ಣ. ಮನೆಯಲ್ಲಿ ತಮ್ಮ ಚಪ್ಪಲಿ ಎಲ್ಲಿದೆಯೆಂದು ಗೊತ್ತಿರದ ಮನುಷ್ಯ, ಸೇತುವೆಯ ಒಂದೊಂದು ನಟ್ಟಿನ ಜಾತಕ ಹೇಳುತ್ತಿದ್ದರು.

ಅವರು ಹೋಗಿ ಎರಡು ಮಳೆಗಾಲ ಕಳೆಯಿತು. ಆ ದಿನ ಸಂಜೆ ಕೆಲಸದಿಂದ ಜೊತೆಯಲ್ಲೇ ಬಂದೆವು. ಊಟ ಬೇಡವೆಂದು ಮಲಗಿದರು, ದಣಿವಿರಬೇಕು ಅಂದುಕೊಂಡೆ. ಬೆಳಿಗ್ಗೆ ಏಳಲೇ ಇಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಈಗ ಕೆರೆಯುವವಳೂ ನಾನೇ, ಹಚ್ಚುವವಳೂ ನಾನೇ. ಮಾತಾಡಬೇಕು ಅನ್ನಿಸಿದರೆ ಸೇತುವೆಗೇ ಬೈಯುತ್ತೇನೆ.

ಮೊನ್ನೆ ಮೇಸ್ತ್ರಿ ಬಂದು ಹೇಳಿದ: "ಅಕ್ಕಾ, ನಡುಗಂಬದಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಇವತ್ತೇ ಕೆರೆದು ಮುಚ್ಬಿಡಿ. ಬಿಟ್ರೆ ತುಕ್ಕು ಒಳಗೆ ಇಳಿದು, ಆ ತುಂಡನ್ನೇ ಕತ್ತರಿಸಿ ಗುಜರಿಗೆ ಹಾಕ್ಬೇಕಾಗುತ್ತೆ."

ನಡುಗಂಬ ನಾವಿಬ್ಬರೂ ಕೊನೆಯ ದಿನ ಮಾಡಿದ ಜಾಗ. ಹೋಗಿ ನೋಡಿದೆ. ಎದೆಯೆತ್ತರದಲ್ಲಿ ತುಕ್ಕು ಬಣ್ಣವನ್ನು ಸೀಳಿಕೊಂಡು ಎದ್ದಿತ್ತು. ಅಂಗೈ ಗುರುತು. ನಾಲ್ಕು ಬೆರಳು ಪೂರ್ತಿ, ಕಿರುಬೆರಳು ಮಾತ್ರ ಅರ್ಧ. ಇಡೀ ಬಂದರಿನಲ್ಲಿ ಅರ್ಧ ಕಿರುಬೆರಳಿನ ಆಸಾಮಿ ಅವರೊಬ್ಬರೇ. ಯಾವುದೋ ಹಳೆಯ ಗರಗಸದ ಕೃಪೆ.

"ಸಿಕ್ಕಿಬಿದ್ರಲ್ಲ ಸ್ವಾಮೀ!" ಎಂದು ಜೋರಾಗಿ ನಕ್ಕೆ. ದಾರಿಹೋಕರು ತಿರುಗಿ ನೋಡಿದರು.

ಆಮೇಲೆ ನಗು ಅಲ್ಲೇ ನಿಂತಿತು. ಸುಮ್ಮನೆ ತಾಗಿಸಿದ ಕೈಯಲ್ಲ ಅದು. ಬೆರಳೆಲ್ಲ ಅಗಲಿಸಿ, ಮೈಭಾರ ಬಿಟ್ಟು ಒತ್ತಿ ಹಿಡಿದದ್ದು. ಕೈಗವಸು ಕಳಚುವಷ್ಟು ಸಂಕಟವಾಗಿತ್ತು, ಅಂಗೈ ಬೆವರಿನಲ್ಲಿ ತೊಯ್ದಿತ್ತು. ಎದೆನೋವು ಅಲ್ಲೇ ಶುರುವಾಗಿತ್ತು. ನಾನು ಕಂಬದ ಆಚೆ ಬದಿಗೇ ಇದ್ದೆನಲ್ಲ, ಒಂದು ಸಲ ಕರೆಯಬಾರದಿತ್ತೇ? ಆಮೇಲೆ ಈಚೆ ಬಂದು ಅದರ ಮೇಲೆ ನಾನೇ ಪ್ರೈಮರ್ ಹಚ್ಚಿದೆ. ನನಗೇನೂ ಕಾಣಲಿಲ್ಲ. ಸಿಟ್ಟು ಬಂತು, ಅಳು ಬಂತು.

ಮಧ್ಯಾಹ್ನದವರೆಗೂ ಅದರ ಮುಂದೆ ಕೂತಿದ್ದೆ. ಅವರ ಅಂಗಿಗಳನ್ನು ಯಾರಿಗೋ ಕೊಟ್ಟಾಯಿತು. ಗೋಡೆಯ ಫೋಟೋದಲ್ಲಿ ಬರೀ ಮುಖ. ಅವರ ಕೈ ಅಂತ ಉಳಿದದ್ದು ಇದೊಂದೇ. ಬಿಟ್ಟರೆ ಕಂಬವನ್ನೇ ತಿಂದು ಗುಜರಿಗೆ ಹೋಗುತ್ತದೆ. ಕೆರೆದರೆ ಇವತ್ತೇ ಹೋಗುತ್ತದೆ. ಅವರಾಗಿದ್ದರೆ, "ಮುಖ ಏನ್ ನೋಡ್ತೀಯ? ಕೆರಿ" ಅನ್ನುತ್ತಿದ್ದರು.

ಸಿಹಿನೀರಿನಲ್ಲಿ ತೊಳೆದೆ. ಆರಿದ ಮೇಲೆ ತಂತಿ ಬ್ರಷ್ಷಿನಿಂದ ಕೆರೆದೆ. ಕಿರುಬೆರಳನ್ನು ಕೊನೆಗೆ ಇಟ್ಟುಕೊಂಡೆ. ಅದೂ ಹೋಗಿ ಉಕ್ಕು ಬೆಳ್ಳಗೆ ಹೊಳೆಯಿತು.

ಕೈಗವಸು ಕಳಚಿದೆ. ಅದೇ ಜಾಗದಲ್ಲಿ ಬರಿಗೈ ಒತ್ತಿ ಹಿಡಿದು, ಬೈಗುಳಕ್ಕೆ ಕಾಯುತ್ತ ನಿಂತೆ.

ಯಾರೂ ಬೈಯಲಿಲ್ಲ. ಸಿಹಿನೀರಿನಲ್ಲಿ ನನ್ನ ಕೈಗುರುತನ್ನು ತೊಳೆದು, ಒಣಬಟ್ಟೆಯಿಂದ ಒರೆಸಿ, ಇಬ್ಬನಿ ಬೀಳುವ ಮುಂಚೆ ಪ್ರೈಮರ್ ಹಚ್ಚಿದೆ.