ಶಹನಾಯಿಯ ಹಿಂದಿನ ಸೀಟಿ

ಕಾಂತೇಶನ ಕಿವಿ ಬಗ್ಗೆ ಶಹಾಪುರದಾಗ ಒಂದು ಮಾತಿತ್ತು: ಕಣ್ಣು ಮುಚ್ಚಿ ಕೂತ್ರೂ ಯಾವ ಸ್ಪೀಕರ್ ಬಾಕ್ಸಿನ ತಂತಿ ಸಡ್ಲಾಗ್ಯಾದ ಅಂತ ಹೇಳ್ತಾನ. ಹೊಲ ಇಲ್ಲ, ನೌಕರಿ ಇಲ್ಲ, ಆ ಎರಡು ಕಿವಿನೇ ಅವನ ಮನಿ ನಡಸ್ತಿದ್ವು. ಬಾಜಾರದಾಗ ಮನಿಗೆ ಹೊಂದಿದ ಮ್ಯಾಲಿನ ಖೋಲ್ಯಾಗ ಕಂಪ್ಯೂಟರ್ ಇಟ್ಕೊಂಡು ಮದುವಿ ಮೆರವಣಿಗಿಗೆ ಹಾಡು ಕಟ್ಟಿ ಕೊಡ್ತಿದ್ದ. ಶಹನಾಯಿ ಊದವ್ರು ಬ್ಯಾಡ, ಹಲಗಿ ಬಡಿಯವ್ರು ಬ್ಯಾಡ, ಎಲ್ಲಾ ಕಂಪ್ಯೂಟರಿನೊಳಗಿನ ಸಿಂಥ್, ವಾದ್ಯದಂಗ ನುಡಿಯೂ ಯಂತ್ರದ ದನಿ. ಒಂದೊಂದಕ್ಕೂ ಪರದಿ ಮ್ಯಾಲ ದನಿ ಎಷ್ಟದ ಅಂತ ತೋರ್ಸೂ ಒಂದೊಂದು ಗೆರಿ. ಹಸಿರಿನಾಗ ಇದ್ರ ಚೊಲೋ, ಕೆಂಪಿಗೆ ಏರಿದ್ರ ದನಿ ಒಡೀತದ. ಮೊದಲು ಎಲ್ಲಾ ತಗ್ಗಿಸಿ, ಆಮ್ಯಾಲ ಒಂದೊಂದನ್ನ ಕೇಳ್ಕೋತ ಏರಿಸಬೇಕು. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಗೊತ್ತಿದ್ದು ಏನು ಬಂತು ಸುಡುಗಾಡು! ಆ ಕಡೆ ಒಂದು ರಿವಾಜು ಬಿದ್ದದ. ಹಾಡು ಮುಗೀತಂದ್ರ ಡಿಜೆ ಗಾಡಿಗೆ ಹಾಕಿ, ಕಟ್ಟಿದವನೇ ಬಾಕ್ಸಿನ ಮುಂದ ಎದಿ ಕೊಟ್ಟು ನಿಂದ್ರಬೇಕು. ಎದಿ ನಡುಗಿದ್ರ ಹಾಡು ಪಾಸು. ಕಿವಿ ಮುಚ್ಚಿಕೊಂಡವ ಗಂಡಸೇ ಅಲ್ಲ. ವರ್ಷಗಟ್ಟಲೆ ಹಂಗೇ ನಿಂತಾನ ಪುಣ್ಯಾತ್ಮ. ಹೇಂತಿ ಸಪ್ನಾ "ಕಿವ್ಯಾಗ ಹತ್ತಿ ಆದ್ರೂ ಇಟ್ಕೋರಿ" ಅಂದಾಗೆಲ್ಲ ನಕ್ಕು ಬಿಡ್ತಿದ್ದ. ಈಚೀಚೆಗೆ ಹಿಂದಿನಿಂದ ಕರೆದ್ರ ಓ ಅಂತಿರಲಿಲ್ಲ. ಕೆಲಸದ ಗುಂಗು ಅಂತ ಆಕಿ ಸುಮ್ಮನಿದ್ಳು.

ಕೆಂಭಾವಿ ಊರಿನ ಮದುವಿ ಹಾಡು ಪಾಸು ಮಾಡಿ ಕೊಟ್ಟ ಮರುದಿನ, ಡಿಜೆ ಗಾಡಿ ಮಾಲಕ ಮುಷರಫ ಮಟಮಟ ಮಧ್ಯಾಹ್ನ ಮೆಟ್ಟಲ ಏರಿ ಬಂದ.

"ಏನ್ ಭಾಯ್, ಶಹನಾಯಿ ಇಟ್ಟೀಯೋ ಸೂಜಿ ಇಟ್ಟೀಯೋ? ಓಣ್ಯಾಗ ಹಚ್ಚಿದ್ರ ಮಂದಿ ಕಿವಿ ಹಿಡ್ಕೊಂಡು ಓಡ್ಯಾರ!"

ಕಾಂತೇಶಗ ಸಿಟ್ಟು ನೆತ್ತಿಗೇರ್ತು. ಶಹನಾಯಿ ಕೇಳಸ್ತಾನೇ ಇಲ್ಲಂತ ತಾನೇ ಮತ್ತ ಮತ್ತ ಏರಿಸಿದ್ದ. "ಶಹನಾಯಿ ಅಲ್ಲೋ ಮಾರಾಯ. ಅದರ ಹಿಂದ ಸಣ್ಣಗ ಒಂದು ಸೀಟಿ ಹೊಡ್ಯಾಕತ್ತದ. ಯಾವ ಸಿಂಥಿಂದು ಅಂತ ಈಗ ಹಿಡೀತೀನಿ, ತಡಿ."

"ಯಾವ ಸೀಟಿ?" ಅಂದ ಮುಷರಫ.

ಕಾಂತೇಶ ಹಾಡು ಹಚ್ಚಿ ಶಹನಾಯಿ ಪೂರಾ ಇಳಿಸಿದ. ಸೀಟಿ ಹೋಗಲಿಲ್ಲ. ಹಲಗಿ ಇಳಿಸಿದ, ಬೇಸ್ ಇಳಿಸಿದ, ಹಿಂದಿನ ತಂಬೂರಿ ಇಳಿಸಿದ. ಗೆರಿ ಎಲ್ಲಾ ನೆಲ ಹಿಡಿದ್ವು. ಸೀಟಿ ಹಂಗೇ ಇತ್ತು. ಸ್ಪೀಕರಿನ ತಂತಿ ಕಿತ್ತ. ಮತ್ತೂ ಇತ್ತು. ಎದ್ದು ಹೋಗಿ ಖೋಲಿಯ ಮೇನ್ ಸ್ವಿಚ್ಚೇ ತಗದ. ಕಂಪ್ಯೂಟರ್ ಸತ್ತಿತು, ಫ್ಯಾನ್ ನಿಂತಿತು.

"ಈಗ ಕೇಳು. ಇನ್ನೂ ಹೊಡ್ಯಾಕತ್ತದಲ್ಲ?" ಅಂದ.

ಮುಷರಫ ಅವನ ಮಾರಿ ನೋಡಿದ. "ಕರೆಂಟೇ ಇಲ್ಲಲ್ಲ ಭಾಯ್. ಇಲ್ಲಿ ಕೇಳಸೂದು ಕೂಸಿನ ಗೆಜ್ಜಿ ಒಂದೇ."

ಕಾಂತೇಶ ಗರ್ರನೆ ತಿರುಗಿದ. ಬಾಗಲದಾಗ ಸಪ್ನಾ ಚಾ ಹಿಡ್ಕೊಂಡು ನಿಂತಿದ್ಳು. ಅವನ ಬೆನ್ನ ಹಿಂದೇ ಮಗಳು ಮೌನೇಶ್ವರಿ, ಕಾಲಾಗ ಹೊಸ ಗೆಜ್ಜಿ.

"ಆಗಿಂದ ನಿಮ್ಮ ಹಿಂದೇ ಕುಣ್ಯಾಕತ್ತಾಳ್ರಿ," ಅಂದಳು ಸಪ್ನಾ. "ಅಪ್ಪ ನೋಡವಲ್ಲ ಅಂತ ಅಳೂದೊಂದು ಬಾಕಿ."

ಕಾಂತೇಶ ಮಣಕಾಲೂರಿ, ಕಿವಿಯನ್ನ ಕೂಸಿನ ಪಾದದ ಹತ್ರ ಒಯ್ದ.

"ಕುಣಿ ನನ್ನವ್ವ. ಜೋರಾಗಿ ಕುಣಿ."

ಮೌನೇಶ್ವರಿ ಬಾಯಿ ತುಂಬ ನಕ್ಕು, ಇದ್ದ ಬಲ ಹಾಕಿ ಕುಣಿದಳು. ನೆಲ ದಬದಬ ಅಂದದ್ದು ಅವನ ಕೈಗೆ ಗೊತ್ತಾತು. ಕಿವಿಯೊಳಗ ಸೀಟಿ ಒಂದೇ ಇತ್ತು.